ಶಂಕಾವಿಷ

ಆ ವರ್ಷ ಬೈರಯ್ಯ ಮೇಷ್ಟ್ರ ಮನೆಯವರು ಹುತ್ತಕ್ಕೆ ತನಿ ಎರೆಯುವಂತಿರಲಿಲ್ಲ. ಮಾಘ ಮಾಸದಲ್ಲಿ ಮೇಷ್ಟ್ರು ತೀರಿಕೊಂಡಿದ್ದರು. ವರ್ಷ ತುಂಬುವ ತನಕ ಆ ಮನೆಗೆ ಹಬ್ಬವಿಲ್ಲ, ಹೊಸ್ತಿಲಿಗೆ ತೋರಣವಿಲ್ಲ, ಬಾಗಿಲ ಮುಂದೆ ದೊಡ್ಡ ರಂಗೋಲಿಯೂ ಇಲ್ಲ. ನಾಗರ ಚೌತಿಯ ಬೆಳಿಗ್ಗೆ ಅವರ ಹೆಂಡತಿ ಯಶೋದಮ್ಮ ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ಒಂದು ದೀಪ ಮಾತ್ರ ಹಚ್ಚಿ, ಹಿತ್ತಲ ಬಾಗಿಲಲ್ಲಿ ನಿಂತು ದೂರದಿಂದಲೇ ಹುತ್ತಕ್ಕೆ ಕೈಮುಗಿದರು.

"ಈ ಸಲ ಬರೋಕಾಗಲ್ಲ ನಾಗಪ್ಪ. ನಿನಗೆ ಗೊತ್ತಲ್ಲ."

ಜ್ಞಾನಭಾರತಿಯ ಹಿಂಬದಿಯ ಆ ಬಡಾವಣೆ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಹೊಲ ಸೈಟುಗಳಾದವು, ಸೈಟುಗಳು ಮನೆಗಳಾದವು. ಆದರೆ ಹುತ್ತವಿದ್ದ ಮೂಲೆಯನ್ನು ಮೇಷ್ಟ್ರು ಯಾರಿಗೂ ಕೊಡಲಿಲ್ಲ. ಅಲ್ಲಿ ಒಂದು ಬೇವಿನ ಮರ, ಎರಡು ನಾಗರಕಲ್ಲು, ಸುತ್ತ ಸಣ್ಣದೊಂದು ಕಟ್ಟೆ. ಪಕ್ಕದ ಸೈಟಿನಲ್ಲಿ ಯಾರೋ ಮನೆ ಕಟ್ಟಲು ತಂದ ಇಟ್ಟಿಗೆ ಮಳೆಯಲ್ಲಿ ನೆನೆಯುತ್ತ ಬೇಸಿಗೆಯಿಂದ ಹಾಗೇ ಬಿದ್ದಿತ್ತು. ಚೌತಿಯ ದಿನ ಬೀದಿಯ ಹೆಂಗಸರೆಲ್ಲ ಅಲ್ಲಿಗೆ ಹಾಲಿನ ತಂಬಿಗೆ ಹಿಡಿದು ಬರುತ್ತಿದ್ದರು. ಇವತ್ತೂ ಬಂದಿದ್ದರು. ಗಂಟೆಯ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಯಶೋದಮ್ಮ ಅಕ್ಕಿ ಆರಿಸುತ್ತ ಕೂತಿದ್ದವರು ಒಳಗೆ ನೋಡಿದರೆ ಸೊಸೆ ಸುಮಾ ನಡುಮನೆಯ ಚಾಪೆಯ ಮೇಲೆ ಮಲಗಿದ್ದಳು. ಹಗಲು ಹೊತ್ತು ಮಲಗುವ ಹೆಣ್ಣಲ್ಲ ಅವಳು. ಮಗಳು ಬಿಂದುಶ್ರೀಯನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದವಳೇ ಬಚ್ಚಲಿಗೆ ಹೋಗಿ ವಾಂತಿ ಮಾಡಿದ್ದು ಅವರಿಗೆ ಕೇಳಿಸಿತ್ತು.

"ಏನಾಯ್ತೇ?"

"ಹೊಟ್ಟೆ ಹಿಂಡ್ತಾ ಇದೆ ಅತ್ತೆ."

"ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿ ಓಡಾಡಿದ್ರೆ ಇನ್ನೇನಾಗುತ್ತೆ?"

ಸುಮಾ ಗೋಡೆಯ ಕಡೆ ಹೊರಳಿದಳು. ಗೋಡೆಗೇ ಹೇಳುವಂತೆ ಹೇಳಿದಳು: "ಅತ್ತೆ, ಬೈಬೇಡಿ. ನಾನು ತನಿ ಎರೆದು ಬಂದೆ."

ಯಶೋದಮ್ಮನ ಕೈಯ ಮೊರ ನಿಂತಿತು.

ಹಾಲಿನ ಪ್ಯಾಕೆಟ್ ತರುತ್ತೇನೆಂದು ಅವಳು ಕತ್ತಲು ಹರಿಯುವ ಮುಂಚೆಯೇ ಹೋಗಿದ್ದಳು. ಆಷಾಢದಲ್ಲಿ ಬಿಂದುವಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದು ಮಗು ನರಳಿದಾಗ, ವಾಸಿಯಾದರೆ ಚೌತಿಗೆ ಬಂದು ತನಿ ಎರೆಯುತ್ತೇನೆಂದು ಹರಕೆ ಹೊತ್ತಿದ್ದಳು. ಗುಳ್ಳೆಗಳು ಒಣಗಿ ಉದುರಿದವು. ಸಾವಾದ ವರ್ಷ ಹೋಗಬಾರದೆಂದು ಅತ್ತೆ ಹೇಳುತ್ತಾರೆ, ಹೊತ್ತ ಹರಕೆ ಬಿಟ್ಟರೆ ಮಗುವಿಗೆ ಮತ್ತೆ ಬಂದೀತು. ಎರಡರ ನಡುವೆ ಸಿಕ್ಕಿ, ಯಾರೂ ಏಳುವ ಮೊದಲು ಒಬ್ಬಳೇ ಹೋಗಿ ಹಾಲೆರೆದಳು. ಕುಂಕುಮದ ಭರಣಿಯ ಮುಚ್ಚಳ ಕೈಜಾರಿ ಇಟ್ಟಿಗೆ ರಾಶಿಯ ಸಂದಿಗೆ ಉರುಳಿತು. ತಡಕಾಡಿ ಕೈ ಹಾಕಿದಳು. ಇರುವೆ ಕಚ್ಚಿದ ಹಾಗೆ ಏನೋ ಚುರ್ ಎಂದಿತು.

"ಏನು ಅಂತ ನೋಡಿದ್ಯಾ?"

"ಕತ್ತಲು ಅತ್ತೆ, ಏನೂ ಕಾಣಲಿಲ್ಲ. ನಾಗಪ್ಪನೇ ಮುಟ್ಟಿದಾನೆ. ವರ್ಷ ತುಂಬದ ಮನೆಯವಳು ಬಂದಳಲ್ಲ ಅಂತ. ನಾನು ಮಾಡಿದ್ದಕ್ಕೆ ನನಗೇ ಆಗ್ಲಿ, ಮಗೂಗೆ ಏನೂ ಆಗದೆ ಇದ್ರೆ ಸಾಕು."

ಯಶೋದಮ್ಮ ಅವಳ ಕೈ ಹಿಡಿದು ಕಿಟಕಿಯ ಬೆಳಕಿಗೆ ತಂದರು. ಊತವಿಲ್ಲ, ಕೆಂಪಿಲ್ಲ. ಉಂಗುರದ ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಂಥ ಒಂದು ಚುಕ್ಕೆ. ಹೂ ಕಟ್ಟುವವರ ಕೈಯಲ್ಲಿ ಅಂಥವು ಎಷ್ಟೋ ಇರುತ್ತವೆ. ಆದರೂ ಅವರು ಆ ಕೈಯನ್ನು ಕೆಳಗಿಡಲಿಲ್ಲ. ಮಾಘದಲ್ಲಿ ಒಂದು ಹೆಣ ಹೊರಗೆ ಹೋದ ಮನೆ ಇದು. ವರ್ಷದೊಳಗೆ ಇನ್ನೊಂದನ್ನು ಎಳೆಯುತ್ತದೆಂದು ಜನ ಆಡುವ ಮಾತು ಅವರ ಕಿವಿಯಲ್ಲಿ ಯಾವಾಗಲೂ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿಸಿತು. "ಅಕ್ಕಾ, ಒಳಗೆ ಬರಬಹುದಾ? ಸೀಟ್ ಖಾಲಿ ಇದೆಯಾ?"

ಎದುರು ಮನೆಯ ಚಿಕ್ಕಮುನಿಯಪ್ಪ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು, ಮೇಷ್ಟ್ರ ಸಂಜೆಯ ಕಟ್ಟೆಯ ಜೊತೆಗಾರ. ಹಬ್ಬವಿಲ್ಲದ ಮನೆಯೆಂದು ಬಾಳೆಲೆಯಲ್ಲಿ ಚಿಗಳಿ ತಂಬಿಟ್ಟು ಕಟ್ಟಿಸಿಕೊಂಡು ಬಂದಿದ್ದ. ಯಶೋದಮ್ಮ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟರು. ಅವನು ಸುಮಾಳ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ. ಹೊರಗೆ ಹೋಗಿ ಹುತ್ತದ ಮರದಿಂದ ಬೇವಿನ ಎಳೆ ಸೊಪ್ಪು ಕಿತ್ತು ತಂದ.

"ಅಗಿ ಮಗಳೇ. ಚೆನ್ನಾಗಿ ಅಗಿ. ಹೆಂಗಿದೆ?"

ಸುಮಾ ಮುಖ ಕಿವುಚಿದಳು. "ಕಹಿ ಮಾವ. ವಿಪರೀತ ಕಹಿ."

"ಹೋಗತ್ಲಾಗೆ! ಬದುಕಿದೆ ಬಿಡು!" ಚಿಕ್ಕಮುನಿಯಪ್ಪ ತೊಡೆ ತಟ್ಟಿದ. "ವಿಷ ಏರಿದ್ರೆ ಬೇವು ಸಪ್ಪೆ ಅನ್ಸುತ್ತೆ, ಮೆಣಸಿನಕಾಯಿ ಬೆಲ್ಲ ಆಗುತ್ತೆ. ಕಹಿ ಗೊತ್ತಾಯ್ತಲ್ಲ, ಮುಗೀತು. ಅಕ್ಕ, ಇದು ನಮ್ಮ ಮೇಷ್ಟ್ರು ಹೇಳ್ತಿದ್ದದ್ದೇ. ಶಂಕಾವಿಷ!"

ಆ ಮಾತು ಕೇಳಿದ್ದೇ ಯಶೋದಮ್ಮನಿಗೆ ಹೋದ ಉಸಿರು ಬಂದಂತಾಯಿತು. ಮೇಷ್ಟ್ರೇ ಮನೆಯೊಳಗೆ ಬಂದು ಮಾತಾಡಿದಂತಾಯಿತು.

ಬೈರಯ್ಯ ಮೇಷ್ಟ್ರು ಒಕ್ಕಲು ಮನೆಯಲ್ಲಿ ಹುಟ್ಟಿಯೂ ಕೆಂಗೇರಿಯ ಒಬ್ಬ ಹಳೆಯ ಪಂಡಿತರ ಬಳಿ ಸಂಸ್ಕೃತ ಕಲಿತು, ಶಾಲೆಯಲ್ಲಿ ಪಾಠ ಹೇಳಿದವರು. ಪಂಡಿತರಿಂದಲೇ ಒಂದಿಷ್ಟು ವೈದ್ಯವೂ ಬಂದಿತ್ತು. ಸುತ್ತ ಹೊಲಗಳಿದ್ದ ಕಾಲದಲ್ಲಿ ಹುಳ ಮುಟ್ಟಿದವರನ್ನು ಜನ ಅವರ ಬಳಿಗೆ ಕರೆತರುತ್ತಿದ್ದರು. ಒಮ್ಮೆ ಹೆಗ್ಗನಹಳ್ಳಿಯ ಒಬ್ಬನನ್ನು ಮಂಚದ ಸಮೇತ ಹೊತ್ತು ತಂದರು. ಮುಸ್ಸಂಜೆಯಲ್ಲಿ ಕಾಲಿಗೇನೋ ಚುಚ್ಚಿತ್ತು. ಬೆವರು, ನಡುಕ, ವಾಂತಿ. ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಹೆಂಡತಿಗೆ ಮಕ್ಕಳನ್ನು ಒಪ್ಪಿಸುತ್ತಿದ್ದ. ಕೊನೆಗೆ ನೋಡಿದರೆ ಜಾಲಿಮುಳ್ಳು. ಆಗ ಮೇಷ್ಟ್ರು ಆ ಪದದ ಅರ್ಥ ಬಿಡಿಸಿ ಹೇಳಿದ್ದರು. ಶಂಕೆಯಿಂದ ಹುಟ್ಟಿದ ವಿಷ. ಕತ್ತಲಲ್ಲಿ ಏನೋ ಚುಚ್ಚಿ, ಅದು ಹಾವೇ ಇರಬೇಕೆಂದು ಮನಸ್ಸು ನಡುಗಿದರೆ ಆ ಭಯವೇ ವಿಷವಾಗಿ ಮೈಗೇರುತ್ತದೆ. ಜ್ವರ, ವಾಂತಿ, ಮೂರ್ಛೆ, ಹಾವು ಕಚ್ಚಿದವನಿಗೆ ಆಗುವುದೆಲ್ಲ ಹಾವಿಲ್ಲದೆಯೇ ಆಗುತ್ತದೆ. ಅದಕ್ಕೆ ಹಾಲು, ಸಕ್ಕರೆ, ದ್ರಾಕ್ಷಿ, ಮಂತ್ರಿಸಿದ ನೀರು, ಎಲ್ಲಕ್ಕಿಂತ ಹೆಚ್ಚಾಗಿ ಒಳ್ಳೆಯ ಮಾತೇ ಮದ್ದು.

ಬೀದಿಯವರಿಗೆಲ್ಲ ಆ ಕತೆ ಬಾಯಿಪಾಠ. ಪರೀಕ್ಷೆಯ ದಿನ ಮಕ್ಕಳಿಗೆ ಜ್ವರ ಬಂದರೆ ಶಂಕಾವಿಷ. ಕರೆಂಟ್ ಬಿಲ್ಲು ಬಿಡಿಸುವ ಮೊದಲೇ ತಲೆ ತಿರುಗಿದರೆ ಶಂಕಾವಿಷ. ಚಿಕ್ಕಮುನಿಯಪ್ಪನಂತೂ ಟಿಕೆಟಿಲ್ಲದವರ ಮುಖ ಬಾಡುವುದನ್ನು ಕೂಡ ಆ ಹೆಸರಿನಿಂದಲೇ ಕರೆಯುತ್ತಿದ್ದ.

"ಚಿಗಳಿ ತಿನ್ಸಿ, ಬಿಸಿ ಹಾಲು ಕುಡಿಸಿ ಮಲಗಿಸಿ. ಎದ್ದಾಗ ಎಲ್ಲ ಸರಿಹೋಗಿರುತ್ತೆ," ಎಂದ ಅವನು. ಫೋನು ತೆಗೆದು ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿದ್ದ ಸುಮಾಳ ಗಂಡ ರವಿಕುಮಾರನಿಗೂ ಹೇಳಿದ: "ಏನಿಲ್ಲ ಕಣೋ, ನಿನ್ ಹೆಂಡ್ತಿ ಹೆದರ್ಕೊಂಡಿದಾಳೆ. ಬೇವು ತಿನ್ಸಿ ನೋಡಿದೀನಿ. ನೀನು ಕೆಲಸ ನೋಡ್ಕೋ."

ಯಶೋದಮ್ಮ ಹಾಲು ಕಾಯಿಸಿ ತಂದರು. ಸುಮಾ ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ನುಂಗಲು ಹೋದಳು. ಹಾಲು ತುಟಿಯ ಮೂಲೆಯಿಂದ ಇಳಿದು ಕತ್ತಿಗೆ ಹರಿಯಿತು.

"ಗಂಟಲು ಕಟ್ಟಿದೆ ಭಯಕ್ಕೆ," ಎಂದ ಚಿಕ್ಕಮುನಿಯಪ್ಪ ಬಾಗಿಲಿಗೆ ಒರಗಿ. "ಹೆಗ್ಗನಹಳ್ಳಿಯವನಿಗೂ ಹಿಂಗೇ ಆಗಿತ್ತು."

ಹೌದೇ? ಯಶೋದಮ್ಮನಿಗೆ ನೆನಪಾಗಲಿಲ್ಲ. ಸೆರಗಿನಿಂದ ಸೊಸೆಯ ಕತ್ತು ಒರೆಸಿದರು. ಭಯವೇ ಇರಲಿ ದೇವರೇ, ಬರೀ ಭಯವೇ ಆಗಿರಲಿ. ಅದು ಭಯವಲ್ಲದಿದ್ದರೆ ನಾಗಪ್ಪ ನಿಜವಾಗಿ ಮುನಿದಿದ್ದಾನೆ. ಆಮೇಲೆ ಈ ಮನೆಯಲ್ಲಿ ಯಾರು ಉಳಿದಾರು?

ಸುಮಾ ಎದ್ದು ಕೂತು ಗೋಡೆಗೆ ಒರಗಿದಳು. ಅತ್ತೆಯನ್ನು ನೋಡಲು ಗದ್ದವನ್ನು ಮೇಲೆತ್ತಿದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೂಗಿನ ತುದಿಯ ಮೇಲಿಂದ ನೋಡುವವಳಂತೆ ನೋಡಿದಳು. ಎಂದೂ ಅತ್ತೆಯ ಮುಂದೆ ಹಾಗೆ ಕೂತವಳಲ್ಲ.

"ಯಾಕೇ ಹಿಂಗೆ ಕತ್ತೆತ್ತಿ ನೋಡ್ತೀಯ?"

"ರೆಪ್ಪೆ ಭಾರ ಅತ್ತೆ. ಎತ್ತೋಕಾಗ್ತಿಲ್ಲ." ಮಾತು ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು. ಅವಳು ಬಾಗಿಲ ಕಡೆ ತಿರುಗಿದಳು. "ಮುನಿಯಪ್ಪ ಮಾವನ ಪಕ್ಕ ನಿಂತಿರೋರು ಯಾರತ್ತೆ?"

ಬಾಗಿಲಲ್ಲಿ ಚಿಕ್ಕಮುನಿಯಪ್ಪ ಒಬ್ಬನೇ ನಿಂತಿದ್ದ.

ಮೇಷ್ಟ್ರು! ಕರೆದುಕೊಂಡು ಹೋಗಲು ಅವರೇ ಬಂದು ನಿಂತರೇ? ಆ ಬಾಗಿಲಲ್ಲಿ ಅವರು ಎಷ್ಟು ಸಲ ನಿಂತಿಲ್ಲ. ಯಶೋದಮ್ಮ ಸೊಸೆಯ ಹತ್ತಿರಕ್ಕೆ ಬಗ್ಗಿದರು. "ಹೆಂಗಿದಾರೆ? ಬಿಳಿ ಪಂಚೆ ಉಟ್ಟಿದಾರಾ?"

"ಇಲ್ಲ. ಮುನಿಯಪ್ಪ ಮಾವನ ಥರಾನೇ ಇದಾರೆ. ಅದೇ ನೀಲಿ ಅಂಗಿ. ನೀವೂ ಇಬ್ಬರಿದೀರಾ ಅತ್ತೆ."

ರೆಪ್ಪೆ. ಆ ಒಂದು ಮಾತಿನಿಂದ ಯಶೋದಮ್ಮನಿಗೆ ಹೆಗ್ಗನಹಳ್ಳಿಯವನ ಕತೆಯಲ್ಲಿ ಬೀದಿಯವರು ಬಿಟ್ಟುಬಿಟ್ಟಿದ್ದ ಭಾಗ ಕಣ್ಣಿಗೆ ಕಟ್ಟಿತು. ಮೇಷ್ಟ್ರು ಆ ಮನುಷ್ಯನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಬೆಳಗಿನವರೆಗೂ ಅಲುಗದೆ ಕೂತಿದ್ದರು. ರಾಗಿ, ಹುರುಳಿ, ಮಳೆ ಅಂತ ಮಾತಾಡುತ್ತಲೇ ಇದ್ದರು. ಆದರೆ ಗಳಿಗೆಗೊಂದು ಸಲ ಲಾಟೀನು ಹತ್ತಿರ ಹಿಡಿದು, "ಎಲ್ಲಿ, ರೆಪ್ಪೆ ಎತ್ತಪ್ಪ. ನಾಲಿಗೆ ಚಾಚು. ಈ ನೀರು ನುಂಗು," ಎನ್ನುತ್ತಿದ್ದರು. ಹೊರಗೆ ಒಂದು ಮೆಟಡೋರ್ ನಿಲ್ಲಿಸಿಕೊಂಡು, ರೆಪ್ಪೆ ಒಂದಿಷ್ಟು ಜೋತರೂ ದೊಡ್ಡಾಸ್ಪತ್ರೆಗೆ ಹೊರಡಬೇಕೆಂದು ಡ್ರೈವರನಿಗೆ ಮಲಗಲು ಬಿಟ್ಟಿರಲಿಲ್ಲ. ಹಾಲಿನವನು ಬಂದು, ಬೆಳಕು ಹರಿದು, ಆ ಮನುಷ್ಯ ಎದ್ದು ಮುಖ ತೊಳೆದ ಮೇಲೆ ಅಡುಗೆಮನೆಗೆ ಬಂದು ಹೇಳಿದ್ದರು: "ಶಂಕಾವಿಷ ಕಣೇ. ಕಾಫಿ ಕೊಡು ಅವನಿಗೆ." ಆಮೇಲೆ ಕಣ್ಣುಜ್ಜಿಕೊಳ್ಳುತ್ತ, "ಇದು ಬೆಳಗಾದ ಮೇಲೆ ಆಡೋ ಮಾತು. ಅಲ್ಲೀತನಕ ಎಲ್ಲಾ ವಿಷಾನೂ ವಿಷವೇ," ಎಂದಿದ್ದರು.

ಯಶೋದಮ್ಮ ಎದ್ದು ನಿಂತರು. "ಮುನಿಯಪ್ಪ, ಆಟೋ ತಗೊಂಡು ಬಾ."

"ಅಕ್ಕ, ಬೇವು ಕಹಿ ಅಂದ್ಲಲ್ಲ..."

"ಆಟೋ ತಗೊಂಡು ಬಾ ಅಂದೆ."

"ಮೇಷ್ಟ್ರೇ ಹೇಳಿರೋ ಮಾತು ಅಕ್ಕ, ನೀವೇ ನಂಬದೆ ಇದ್ರೆ ಹೆಂಗೆ?"

"ಅವರು ಹೇಳಿದ್ದು ಅದಲ್ಲ! ನನ್ನ ಸೊಸೆ ಕಣ್ಣು ಮುಚ್ಚಿಹೋಗ್ತಾ ಇದೆ ಕಣೋ, ಓಡೋ!"

ಅಷ್ಟು ವರ್ಷದಲ್ಲಿ ಯಶೋದಮ್ಮ ಅವನನ್ನು ಹಾಗೆ ಗದರಿದ್ದಿಲ್ಲ. ಅವನು ಚಪ್ಪಲಿ ಮೆಟ್ಟದೆ ಓಡಿದ.

ಆಟೋದಲ್ಲಿ ಸುಮಾಳ ತಲೆ ಅತ್ತೆಯ ಹೆಗಲಿಗೆ ಬಿತ್ತು, ಮತ್ತೆ ಮೇಲೇಳಲಿಲ್ಲ. ಯಶೋದಮ್ಮ ಅವಳ ಎದೆಯ ಮೇಲೆ ಅಂಗೈ ಊರಿ ಕೂತರು. ಉಸಿರು ಬರುತ್ತಿತ್ತು. ಆದರೆ ಬಾವಿಯ ತಳದಿಂದ ನೀರು ಸೇದುವಂತೆ, ಒಂದೊಂದು ಸಲಕ್ಕೂ ಹಗ್ಗ ಇನ್ನೂ ಉದ್ದವಾದಂತೆ.

"ಮಾತಾಡೇ. ಬಿಂದು ಟಿಫನ್ನಿಗೆ ಏನು ಹಾಕ್ದೆ?"

"ಚಿ...ತ್ರಾ..." ಅಷ್ಟೇ ಬಂತು.

ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಮುಂದೆ ಬಸ್ಸು, ಪಕ್ಕದಲ್ಲಿ ಕಬ್ಬಿಣದ ಸರಳು ಹೇರಿದ ಲಾರಿ, ತಲೆಯ ಮೇಲೆ ಮೆಟ್ರೋ. ಆಟೋದ ಹುಡುಗ ಹಾರ್ನ್ ಒತ್ತಿ ಒತ್ತಿ ಸೋತು ಹಿಂದೆ ತಿರುಗಿದ. ಸುಮಾಳ ಮುಖ ಕಂಡವನೇ, "ಆಂಟಿ, ಉಸಿರಾಡ್ತಾ ಇದಾರಾ?" ಎಂದ. ಅಂಗೈಯ ಕೆಳಗೆ ಎದೆ ಏರುವುದನ್ನು ಯಶೋದಮ್ಮ ಕಾಯುತ್ತಿದ್ದರು. ಏರಲಿಲ್ಲ. ಏರಲಿಲ್ಲ. ಆಮೇಲೆ ಏರಿತು.

ಚಿಕ್ಕಮುನಿಯಪ್ಪ ಡ್ರೈವರನ ಪಕ್ಕದಿಂದ ರಸ್ತೆಗೆ ಹಾರಿದ. ಬರಿಗಾಲಲ್ಲಿ ಬಸ್ಸಿನ ಪಕ್ಕಕ್ಕೆ ಹೋಗಿ ತಗಡಿನ ಮೇಲೆ ಧಡ ಧಡ ಬಡಿದ. ಜೀವಮಾನವಿಡೀ ಕೂಗಿದ ಗಂಟಲು ಅದು. "ಮುಂದೆ ಹೋಗಣ್ಣ! ಲೆಫ್ಟಿಗೆ ತಗೋ! ಜೀವ ಹೋಗ್ತಾ ಇದೆ, ರೈಟ್ ರೈಟ್ ರೈಟ್!" ಬಸ್ಸು ಅಲುಗಿತು. ಲಾರಿಯವನು ಬೈಯುತ್ತಲೇ ಹಿಂದೆ ಸರಿದ. ಬಿಟ್ಟ ಸಂದಿಯಲ್ಲಿ ಆಟೋ ತೂರಿತು. ಅವನು ಪಕ್ಕದಲ್ಲೇ ಓಡುತ್ತ ಬಂದು ಜೋತುಬಿದ್ದು ಹತ್ತಿಕೊಂಡ. ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಜೊತೆ ಓಡುತ್ತ ಎಳೆಯ ಡಾಕ್ಟರಮ್ಮ ಒಬ್ಬಳು ಕೇಳಿದಳು: "ಏನಾಯ್ತಮ್ಮ?"

ಚೌತಿಯ ದಿನ ಆ ಹೆಸರನ್ನು ಬಾಯಿಗೆ ತರಬಾರದು. ನಾಗಪ್ಪ ಎನ್ನಬೇಕು, ಹುಳ ಎನ್ನಬೇಕು. ಯಶೋದಮ್ಮ ಹುಟ್ಟಿದಾಗಿನಿಂದ ಹಾಗೇ ನಡೆದವರು.

"ಹಾವು," ಎಂದರು. "ಹಾವು ಕಚ್ಚಿದೆ. ಬೆಳಗಿನ ಜಾವ. ಇಟ್ಟಿಗೆ ಸಂದೀಲಿ."

ಡಾಕ್ಟರಮ್ಮ ಬೆರಳ ಮೇಲಿನ ಚುಕ್ಕೆ ನೋಡಿದಳು, ರೆಪ್ಪೆ ಎತ್ತಿ ಬಿಟ್ಟಳು. ಅದು ಪರದೆಯಂತೆ ಇಳಿಯಿತು. "ಕಟ್ಟುಹಾವಿರಬೇಕು. ಅದು ಕಚ್ಚಿದ್ರೆ ಗುರುತೂ ಸರಿಯಾಗಿ ಬೀಳಲ್ಲ."

"ಬೇವು ಕಹಿ ಅಂತ ಅಂದ್ಲಲ್ಲ ಮೇಡಂ," ಚಿಕ್ಕಮುನಿಯಪ್ಪ ತೊದಲಿದ.

"ನಾಲಿಗೆಗೆ ಕಹಿ ಗೊತ್ತಾಗುತ್ತೆ ಸಾರ್. ಉಸಿರು ನಿಲ್ಲೋ ಹೊತ್ತಲ್ಲೂ ಗೊತ್ತಾಗುತ್ತೆ." ಬಾಗಿಲು ಮುಚ್ಚಿತು.

ಮತ್ತೊಮ್ಮೆ ಫೋನು ಹೋದದ್ದೇ ರವಿ ಕೈಗೆ ಮೆತ್ತಿದ ಗ್ರೀಸಿನಲ್ಲೇ ಬಂದ. ಅಮ್ಮನ ಪಕ್ಕ ನೆಲದ ಮೇಲೆ ಕೂತ. ಚಿಕ್ಕಮುನಿಯಪ್ಪ ದೂರದ ಕಂಬಕ್ಕೆ ಒರಗಿ ನಿಂತ, ಹತ್ತಿರ ಬರಲಿಲ್ಲ. ವಿಷಕ್ಕೆ ಔಷಧಿ ಏರಿಸಿದ್ದಾರೆ, ಉಸಿರಿಗೆ ಯಂತ್ರ ಹಾಕಿದ್ದಾರೆ ಎಂದು ಯಾರೋ ಬಂದು ಹೇಳಿದರು. ಬದುಕುತ್ತಾಳೆಂದು ಯಾರೂ ಹೇಳಲಿಲ್ಲ.

ಸಂಜೆ ಒಬ್ಬರನ್ನು ಒಳಗೆ ಬಿಡುತ್ತೇವೆಂದರು. "ನೀನು ಹೋಗಮ್ಮ," ಎಂದ ರವಿ. ಯಶೋದಮ್ಮ ಹೋದರು.

ಸುಮಾ ಅಲ್ಲಿರಲಿಲ್ಲ, ಸುಮಾಳ ಮೈ ಇತ್ತು. ಬಾಯಲ್ಲಿ ಕೊಳವೆ, ಮುಚ್ಚಿದ ಕಣ್ಣು, ಇಟ್ಟಲ್ಲೇ ಇದ್ದ ಕೈ. ಯಂತ್ರ ಊದಿದಾಗ ಎದೆ ಏರುತ್ತಿತ್ತು. ಮೇಷ್ಟ್ರನ್ನು ನಡುಮನೆಯಲ್ಲಿ ಮಲಗಿಸಿದ್ದಾಗಲೂ ಮುಖ ಹೀಗೇ ಇತ್ತು. ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ, ಹೋಗಿಬಿಟ್ಟಳಾ," ಎಂದುಬಿಟ್ಟರು.

ಡಾಕ್ಟರಮ್ಮ ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಹಾಗೆ ಅನ್ಬೇಡಿ ಅಮ್ಮ! ಅವರಿಗೆ ಎಲ್ಲಾ ಕೇಳಿಸುತ್ತೆ. ಕಣ್ಣು ಬಿಡೋಕಾಗಲ್ಲ, ಬೆರಳು ಆಡಿಸೋಕಾಗಲ್ಲ ಅಷ್ಟೇ. ಎಚ್ಚರ ಇದೆ."

"ಎಚ್ಚರ ಇದೆಯಾ? ಈಗಲೂ?"

"ಇದೆ. ನೋವೂ ಗೊತ್ತಾಗುತ್ತೆ, ಭಯಾನೂ ಆಗುತ್ತೆ. ವಿಷ ಇಳಿಯೋಕೆ ದಿನಗಳು ಬೇಕು. ನಿದ್ದೆಗೆ ಔಷಧಿ ಕೊಡ್ತೀವಿ, ಅದಕ್ಕೆ ಮುಂಚೆ ನೀವೊಂಚೂರು ಮಾತಾಡಿ."

ಯಶೋದಮ್ಮನಿಗೆ ಆಗ ಹತ್ತಿದ ದಿಗಿಲು ದಾರಿಯಲ್ಲಿ ಹತ್ತಿದ್ದಕ್ಕಿಂತ ದೊಡ್ಡದು. ಆ ಮುಚ್ಚಿದ ರೆಪ್ಪೆಗಳ ಹಿಂದೆ ಹುಡುಗಿ ಒಬ್ಬಳೇ ಕೂತಿದ್ದಾಳೆ. ನಾಗಪ್ಪ ಮುನಿದು ಕಚ್ಚಿದ ಎಂದುಕೊಂಡೇ ಕೂತಿದ್ದಾಳೆ. ಸತ್ತೆನೋ ಇದ್ದೇನೋ ಗೊತ್ತಿಲ್ಲದೆ, ಕೂಗಲು ಬಾಯಿಲ್ಲದೆ. ಈಗ ತಾನಾಡಿದ ಮಾತನ್ನೂ ಕೇಳಿಸಿಕೊಂಡಿದ್ದಾಳೆ. ಹಾವಿನ ವಿಷಕ್ಕೆ ಇವರ ಬಳಿ ಬಾಟಲಿಯಿದೆ. ಶಂಕೆಯ ಆ ಇನ್ನೊಂದು ವಿಷವೂ ಅದರ ಜೊತೆಯಲ್ಲೇ ಏರಿದೆಯಲ್ಲ! ಅದು ಇದ್ದರೆ ಇದು ಇಲ್ಲ, ಇದು ಇದ್ದರೆ ಅದು ಇಲ್ಲ ಎಂದು ಬೀದಿಗೆ ಬೀದಿಯೇ ನಂಬಿಕೊಂಡು ಬಂದಿತ್ತು.

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಗಂಟಲು ಸರಿಮಾಡಿಕೊಂಡರು. ದನಿ ನಡುಗಬಾರದು.

"ಸುಮಾ, ನಾನು ಕಣೇ. ಆಸ್ಪತ್ರೇಲಿದೀಯ, ಬದುಕಿದೀಯ. ಈ ಮುದುಕಿ ಏನೋ ಅಂದ್ಲು, ಅದನ್ನ ಕಿವಿಗೆ ಹಾಕೋಬೇಡ. ನಾಗಪ್ಪ ಅಲ್ಲ ಕಣಮ್ಮ ಅದು. ಇಟ್ಟಿಗೇಲಿ ಬೆಚ್ಚಗೆ ಮಲಗಿದ್ದ ಹುಳ, ನೀನು ಕೈ ಹಾಕ್ದೆ, ಅದು ಹೆದರ್ಕೊಂಡು ಕಚ್ಚಿತು. ಮಗೂಗೋಸ್ಕರ ಹಾಲು ತಂದವಳ ಮೇಲೆ ದೇವರು ಮುನಿಯೋದುಂಟಾ? ಹಂಗೆ ಮುನಿಯೋನಾಗಿದ್ರೆ ಅವನಿಗೆ ನಾನು ಇಷ್ಟು ವರ್ಷ ಯಾಕೆ ಕೈಮುಗೀತಿದ್ದೆ? ಬಿಂದು ಸ್ಕೂಲಿಂದ ಬಂದಿದಾಳೆ. ಪಕ್ಕದ ಮನೇಲಿ ಕೂತು ಅವರ ಬೆಕ್ಕಿಗೆ ಚಿತ್ರಾನ್ನ ತಿನ್ನಿಸ್ತಾ ಇದಾಳಂತೆ..."

ಬಾಯಿಗೆ ಬಂದದ್ದೆಲ್ಲ ಆಡಿದರು. ರಾಗಿ, ಮಳೆ, ಹುರುಳಿಯನ್ನೂ ಆಡಿದರು. ಸುಮಾಳ ಮುಖದಲ್ಲಿ ಏನೂ ಅಲುಗಲಿಲ್ಲ. ಆದರೆ ಮುಚ್ಚಿದ ಕಣ್ಣಿನ ಕೊನೆಯಿಂದ ಒಂದು ಹನಿ ಹೊರಟು ಕಿವಿಯ ಕಡೆಗೆ ಇಳಿಯಿತು. ಯಶೋದಮ್ಮ ಅದನ್ನು ಬೆರಳಿನಿಂದ ತಡೆದು, ಮಾತು ನಿಲ್ಲಿಸದೆ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಮತ್ತೆ ಒಳಗೆ ಬಿಡಲು ಕಾಯುತ್ತ ಕೂತಿದ್ದಾಗ ಚಿಕ್ಕಮುನಿಯಪ್ಪ ಹತ್ತಿರ ಬಂದ. ಮನೆಗೆ ಹೋಗಿರಲಿಲ್ಲ. ಕಾಲಿನ್ನೂ ಬರಿಗಾಲು. ಕೈಯಲ್ಲಿ ಪೇಪರ್ ಲೋಟದ ಕಾಫಿ.

"ಅಕ್ಕ, ತಗೊಳ್ಳಿ. ಬೆಳಗಾಯ್ತು."

ಕಿಟಕಿಯಾಚೆ ಮೆಟ್ರೋ ಕಂಬಗಳ ಮೇಲೆ ಬಿಸಿಲು ಬಿದ್ದಿತ್ತು. ಯಶೋದಮ್ಮ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. "ಇನ್ನೂ ಆಗಿಲ್ಲ ಮುನಿಯಪ್ಪ," ಎಂದರು. ಲೋಟವನ್ನು ಅವನ ಕೈಗೇ ಕೊಟ್ಟು, ಅವನ ಮಣಿಕಟ್ಟನ್ನು ಒಂದು ಗಳಿಗೆ ಹಿಡಿದುಕೊಂಡರು. ಒಳಗಿನಿಂದ ಕರೆ ಬಂತು.

ಕುರ್ಚಿ ನಿನ್ನೆ ಇಟ್ಟಲ್ಲೇ ಇತ್ತು. ಅವರು ಸುಮಾಳ ಅಂಗೈಯೊಳಗೆ ತಮ್ಮ ಬೆರಳಿಟ್ಟರು.

"ನಾನು ಬಂದೆ ಕಣೇ. ಕೇಳಿಸಿದ್ರೆ ಹಿಡ್ಕೋ."

ಯಂತ್ರ ಊದಿತು, ಬಿಟ್ಟಿತು. ಊದಿತು, ಬಿಟ್ಟಿತು. ಏನೂ ಆಗಲಿಲ್ಲ. ಅವರು ಬೆರಳನ್ನು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, ತಮ್ಮದೇ ನಡುಕವಿರಬಹುದೆಂದು ಅನುಮಾನವಾಗುವಷ್ಟು ಸಣ್ಣದಾಗಿ, ಉಂಗುರದ ಬೆರಳು ಅವರ ಬೆರಳನ್ನು ಒತ್ತಿದಂತಾಯಿತು.

ಯಶೋದಮ್ಮ ಉಸಿರು ಬಿಗಿಹಿಡಿದರು. "ಇನ್ನೊಂದ್ಸಲ ಕಣಮ್ಮ," ಎಂದರು. "ಇನ್ನೊಂದೇ ಒಂದ್ಸಲ."